ಕಾನ್ವೇ ಹಾಲ್: ನಂಬಿಕೆ ಮತ್ತು ರಾಜಕೀಯವನ್ನು ಒಟ್ಟಿಗೆ ಓದಲು ಲಂಡನ್ನಿನಲ್ಲೊಂದು ಜಾಗ

ದೇವರನ್ನು ನಂಬದವರು ಉದಾರವಾದಿಗಳು, ಭಕ್ತರು ಸಂಪ್ರದಾಯವಾದಿಗಳು ಎಂದು ಸಲೀಸಾಗಿ ಲೆಕ್ಕ ಹಾಕಿಕೊಂಡಿರುವವರು ಲಂಡನ್ನಿಗೆ ಹೋದಾಗ ರೆಡ್ ಲಯನ್ ಚೌಕದ ಕಾನ್ವೇ ಹಾಲನ್ನು ತಪ್ಪದೆ ನೋಡಬೇಕು. 1929ರಲ್ಲಿ ಆರಂಭವಾದ ಈ ಸಭಾಂಗಣ ಹಾಲ್ಬರ್ನ್ ಟ್ಯೂಬ್ (ಸುರಂಗ ರೈಲು) ನಿಲ್ದಾಣಕ್ಕೆ ಹತ್ತಿರದಲ್ಲಿದೆ.

ಇದನ್ನು ಕಟ್ಟಿಸಿದ ಸಂಘ ನಾಸ್ತಿಕರ ಕೂಟವಾಗಿ ಹುಟ್ಟಿದ್ದಲ್ಲ. 1793ರಲ್ಲಿ ಅದು ನರಕದ ಶಾಶ್ವತ ಶಿಕ್ಷೆಯನ್ನು ಒಪ್ಪದ ಕ್ರೈಸ್ತರ ಒಂದು ಸಭೆಯಾಗಿತ್ತು. ಪ್ರಶ್ನೆ ಕೇಳುತ್ತಲೇ ಹೋಗಿ ತ್ರಿತ್ವವನ್ನು, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂರೂ ಒಬ್ಬನೇ ದೇವರೆಂಬ ನಂಬಿಕೆಯನ್ನು, ಬಿಟ್ಟಿತು, ಆಮೇಲೆ ಪ್ರಾರ್ಥನೆಯನ್ನೂ ಬಿಟ್ಟು ನೀತಿಯೊಂದನ್ನೇ ಉಳಿಸಿಕೊಂಡಿತು. ಸಭಾಂಗಣಕ್ಕೆ ಹೆಸರು ಬಂದಿರುವುದು ಮಾಂಕ್ಯೂರ್ ಕಾನ್ವೇ ಅವರಿಂದ. ಗುಲಾಮರನ್ನಿಟ್ಟುಕೊಂಡಿದ್ದ ವರ್ಜೀನಿಯಾದ ಮನೆತನದಲ್ಲಿ ಹುಟ್ಟಿಯೂ ಗುಲಾಮಗಿರಿಯನ್ನು ವಿರೋಧಿಸಿದ ಪಾದ್ರಿ ಅವರು. ಒಳಗೆ, ಚರ್ಚಿನಲ್ಲಾದರೆ ಶಿಲುಬೆ ಇರಬೇಕಾದ ಎತ್ತರದಲ್ಲಿ, ನಿನ್ನ ಅಂತರಂಗಕ್ಕೆ ನೀನು ಪ್ರಾಮಾಣಿಕನಾಗಿರು ಎಂಬರ್ಥದ ಇಂಗ್ಲಿಷ್ ಸಾಲು ವೇದಿಕೆಯ ಮೇಲ್ಗಡೆ ಕಾಣುತ್ತದೆ. ಎದುರಿನ ಉದ್ಯಾನದಲ್ಲಿ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರ ಪ್ರತಿಮೆಯೂ, ಕಲ್ಕತ್ತೆಯಲ್ಲಿ ಮಿಷನರಿ ದಂಪತಿಗೆ ಹುಟ್ಟಿ ಸಮಾಜವಾದಿಯಾಗಿ ಬೆಳೆದು ಭಾರತದ ಸ್ವಾತಂತ್ರ್ಯಕ್ಕೆ ದನಿಗೂಡಿಸಿದ ಫೆನ್ನರ್ ಬ್ರಾಕ್ವೇ ಅವರ ಪ್ರತಿಮೆಯೂ ಇವೆ.

ಮುಕ್ತಚಿಂತನೆಯ, ಅಂದರೆ ಧರ್ಮದ ಅಧಿಕಾರಕ್ಕೆ ಕಟ್ಟುಬೀಳದ ಯೋಚನೆಯ, ಚರಿತ್ರೆಯನ್ನು ಓದಲು ಇಲ್ಲಿ ಒಳ್ಳೆಯ ಗ್ರಂಥಾಲಯವಿದೆ. ಆಸಕ್ತರು ಚಾರ್ಲ್ಸ್ ಬ್ರಾಡ್ಲಾ ಪ್ರಕರಣದಿಂದ ಓದು ಆರಂಭಿಸಲಿ ಎಂಬುದು ನನ್ನ ಸಲಹೆ. 1880ರಲ್ಲಿ ನಾರ್ಥಾಂಪ್ಟನ್‌ನಿಂದ ಗೆದ್ದ ಈ ನಾಸ್ತಿಕರು ದೇವರ ಹೆಸರಿನ ಪ್ರಮಾಣವಚನದ ತಕರಾರಿನಿಂದಾಗಿ 1886ರವರೆಗೆ ಸಂಸತ್ತಿನಲ್ಲಿ ಭದ್ರವಾಗಿ ಕೂರಲಾಗಲಿಲ್ಲ. ಕನ್ಸರ್ವೇಟಿವರು ಅವರನ್ನು ವಿರೋಧಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ದೇವರ ಹೆಸರಿಲ್ಲದೆ ಪ್ರತಿಜ್ಞೆ ಮಾಡಲು ಅವಕಾಶ ಕೊಡುವ 1883ರ ಮಸೂದೆಯ ಪರವಾಗಿ ಸದನದಲ್ಲಿ ಮನಮುಟ್ಟುವಂತೆ ವಾದಿಸಿದವರು ಪರಮ ದೈವಭಕ್ತರಾಗಿದ್ದ ಲಿಬರಲ್ ಪ್ರಧಾನಿ ಗ್ಲಾಡ್‌ಸ್ಟನ್. ಅವರ ಪಕ್ಷದವರೇ ಕೆಲವರು ಕೈಕೊಟ್ಟು ಮಸೂದೆ 3 ಮತಗಳಿಂದ ಬಿದ್ದುಹೋಯಿತು. ಇತ್ತ ಬ್ರಾಡ್ಲಾ ಸಮಾಜವಾದವನ್ನು ಕೊನೆಯವರೆಗೂ ಒಪ್ಪಲಿಲ್ಲ. ಅವರ ಒಡನಾಡಿ ಆನಿ ಬೆಸೆಂಟ್ ಸಮಾಜವಾದಕ್ಕೆ, ಅಲ್ಲಿಂದ ಎಲ್ಲ ಧರ್ಮಗಳ ಹಿಂದೆ ಒಂದೇ ಗೂಢ ಸತ್ಯವಿದೆ ಎನ್ನುವ ಥಿಯಾಸಫಿಗೆ ಹೊರಳಿ, 1917ರಲ್ಲಿ ನಮ್ಮ ಕಾಂಗ್ರೆಸ್ಸಿನ ಅಧ್ಯಕ್ಷೆಯಾದರು. 1891ರಲ್ಲಿ ಬ್ರಾಡ್ಲಾ ಅವರ ಅಂತ್ಯಕ್ರಿಯೆಗೆ ಹೋದವರಲ್ಲಿ ವಿದ್ಯಾರ್ಥಿ ಗಾಂಧಿಯೂ ಒಬ್ಬರು. ಇವರಲ್ಲಿ ಯಾರ ರಾಜಕೀಯವನ್ನೂ ಅವರ ದೇವರನ್ನು ಕೇಳಿ ಮೊದಲೇ ಹೇಳಲು ಬರುವಂತಿರಲಿಲ್ಲ. ಗ್ಲಾಡ್‌ಸ್ಟನ್ ಅವರಿಗೆ ನಂಬಿಕೆ ಎದುರಾಳಿಯ ಹಕ್ಕನ್ನು ಕಾಯುವ ಬಲ ಕೊಟ್ಟಿತು, ಬ್ರಾಡ್ಲಾ ಅವರಿಗೆ ಅಪನಂಬಿಕೆ ಸರ್ಕಾರದ ಮೇಲಿನ ಸಂಶಯವನ್ನೂ ಕಲಿಸಿತು.

ಸಭಾಂಗಣವನ್ನು ಬಾಡಿಗೆಗೂ ಕೊಡುವುದರಿಂದ, ಹೋಗುವ ಮುನ್ನ ಕಾರ್ಯಕ್ರಮಗಳ ಪಟ್ಟಿಯನ್ನು ನೋಡಿಕೊಳ್ಳುವುದು ಒಳಿತು. ಗ್ರಂಥಾಲಯಕ್ಕೆ ಮೊದಲೇ ಬರೆದು ಸಮಯ ಕೇಳಿಕೊಳ್ಳಿ. ಭಾನುವಾರದ ಸಂಗೀತ ಕಛೇರಿಗಳ ಪರಂಪರೆ 1887ರಷ್ಟು ಹಳೆಯದು. ಬಿಡುವಿದ್ದರೆ ಅದನ್ನೂ ಕೇಳಿ ಬನ್ನಿ.