ಡೋಕುವಿಕಿಯಲ್ಲಿ ಬ್ಲಾಗ್: ಕೆಲವರಿಗೆ ಸರಿ, ಎಲ್ಲರಿಗೂ ಅಲ್ಲ

ಹಾಸನದ ಸುತ್ತಮುತ್ತ ಇರುವ ಹೊಯ್ಸಳರ ಗುಡಿಗಳ ಬಗ್ಗೆ ಬರೆಯುವ ಹುಚ್ಚು ನನಗೆ. ಮಾಮೂಲಿ ಬ್ಲಾಗ್‌ನಲ್ಲಿ ಹೊಸ ಪೋಸ್ಟ್ ಬಂದ ಹಾಗೆಲ್ಲ ಹಳೇದು ಅಡಿಗೆ ಹೋಗುತ್ತದೆ. ದೊಡ್ಡಗದ್ದವಳ್ಳಿಯ ಗುಡಿ ಬಗ್ಗೆ ಏನೋ ಹೊಸ ವಿಷಯ ಸಿಕ್ಕಿತು ಅನ್ನಿ, ಇನ್ನೊಂದು ಪೋಸ್ಟ್ ಹಾಕಬೇಕು, ಓದುವವರು ಎರಡನ್ನೂ ಹುಡುಕಬೇಕು. ಯಾರು ಹುಡುಕುತ್ತಾರೆ? ಅದಕ್ಕೇ ಡೋಕುವಿಕಿ ಹಾಕಿಕೊಂಡೆ.

ವಿಕಿಪೀಡಿಯದ ಹಾಗೆ ಬೇಕೆಂದಾಗ ತಿದ್ದಬಹುದಾದ ಪುಟಗಳ ಸೈಟ್ ಮಾಡಿಕೊಳ್ಳಲು 2004ರಿಂದ ಇರುವ ಉಚಿತ ಸಾಫ್ಟ್‌ವೇರ್ ಇದು. ಡೇಟಾಬೇಸ್ ಬೇಡ, ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ನಡೆಯುವ ಅಗ್ಗದ ಹೋಸ್ಟಿಂಗ್ ಸಾಕು. ಪ್ರತಿ ಪುಟವೂ ಒಂದು ಟೆಕ್ಸ್ಟ್ ಫೈಲ್, ಹಾಗಾಗಿ ಬ್ಯಾಕಪ್ ಅಂದರೆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡುವುದು, ಅಷ್ಟೇ.

ನನಗೆ ಜಾಸ್ತಿ ಹಿಡಿಸಿದ್ದು ತಿದ್ದುವ ಅನುಕೂಲ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವಲ್ಲ, ಅಂಥದ್ದನ್ನು ಆಯಾ ಊರಿನ ಪುಟದಲ್ಲೇ ಸೇರಿಸಬಹುದು, ಮೊದಲು ಏನು ಬರೆದಿದ್ದೆವು ಅನ್ನುವುದೂ ಹಳೆಯ ಆವೃತ್ತಿಯಾಗಿ ಉಳಿದಿರುತ್ತದೆ. ಹೊಯ್ಸಳ ರಾಜ ವಿಷ್ಣುವರ್ಧನನಿಗೆ ಒಂದು ಪುಟ ಮಾಡಿದರೆ ಅವನ ಹೆಸರಿಗೆ ಎಲ್ಲೆಲ್ಲಿ ಲಿಂಕ್ ಕೊಟ್ಟಿದ್ದೇವೆ ಅನ್ನುವುದನ್ನು ಅದೇ ತೋರಿಸುತ್ತದೆ. ಬರೆಯುತ್ತಿರುವಾಗ ಡ್ರಾಫ್ಟನ್ನು ತಾನೇ ಉಳಿಸಿಕೊಳ್ಳುತ್ತದೆ, ನಮ್ಮ ಮಳೆಗಾಲದ ಕರೆಂಟಿಗೆ ಇದು ಬೇಕೇ ಬೇಕು.

ಈಗ ಕನ್ನಡದ ಕಷ್ಟಕ್ಕೆ ಬರೋಣ. ಪುಟದ ಹೆಸರೇ ಫೈಲಿನ ಹೆಸರು. ಕನ್ನಡದ ಒಂದೊಂದು ಅಕ್ಷರ, ಗುಣಿತದ ಗುರುತು, ಒತ್ತಿನ ಗುರುತು ಎಲ್ಲವೂ ಕಂಪ್ಯೂಟರಿನಲ್ಲಿ ತಲಾ ಮೂರು ಬೈಟ್ ಜಾಗ ಹಿಡಿಯುತ್ತವೆ. ಡೋಕುವಿಕಿ ಜೊತೆ ಬರುವ ಮೂಲ ಸೆಟ್ಟಿಂಗ್‌ನಲ್ಲಿ ಅಂಥ ಒಂದೊಂದೂ '%E0' ಥರದ ಶೇಕಡಾ ಚಿಹ್ನೆಗಳ ಸಾಲಾಗಿ ಒಂಬತ್ತು ಬೈಟ್ ಆಗುತ್ತದೆ. ಲಿನಕ್ಸ್ ಸರ್ವರ್‌ಗಳಲ್ಲಿ ಫೈಲಿನ ಹೆಸರು ಸಾಮಾನ್ಯವಾಗಿ 255 ಬೈಟ್ ದಾಟುವ ಹಾಗಿಲ್ಲ, ಅಂದರೆ ಸ್ವಲ್ಪ ಉದ್ದದ ಕನ್ನಡ ಶೀರ್ಷಿಕೆ ಕೊಟ್ಟರೆ ಪುಟ ಸೇವ್ ಆಗುವುದೇ ಇಲ್ಲ! ಸೆಟ್ಟಿಂಗ್ಸ್‌ನಲ್ಲಿ ಫೈಲ್ ಹೆಸರಿನ ಎನ್‌ಕೋಡಿಂಗನ್ನು ಯುಟಿಎಫ್-8 (ಅಕ್ಷರವನ್ನು ಹಾಗೇ ಮೂರು ಬೈಟ್‌ನಲ್ಲಿ ಇಡುವ ವಿಧಾನ) ಮಾಡಿ, ಅದೂ ಪುಟಗಳನ್ನು ಬರೆಯಲು ಶುರು ಮಾಡುವ ಮೊದಲೇ. ಇಲ್ಲವಾದರೆ ಚಿಕ್ಕ ಇಂಗ್ಲಿಷ್ ಹೆಸರು ಕೊಟ್ಟು, ಒಳಗಿನ ಕನ್ನಡ ತಲೆಬರಹವೇ ಕಾಣುವ ಹಾಗೆ ಮಾಡಬಹುದು. ಹುಡುಕುವಾಗ 'ಬೇಲೂರು' ಅಂತ ಪೂರ್ತಿ ಪದ ಕೊಟ್ಟರೆ 'ಬೇಲೂರಿನ' ತಪ್ಪಿಹೋಗಬಹುದು, 'ಬೇಲೂರ' ಬರೆದು ಕೊನೆಗೆ ಒಂದು ನಕ್ಷತ್ರ ಚಿಹ್ನೆ (*) ಹಾಕಿ.

ತಾರೀಖಿನ ಪ್ರಕಾರ ಪೋಸ್ಟ್ ಬರಬೇಕು, ಕೆಳಗೆ ಕಾಮೆಂಟ್ ಇರಬೇಕು ಅನ್ನುವವರು ಬೇರೆ ಬೇರೆ ಪ್ಲಗಿನ್ ಹಾಕಬೇಕು, ಅದು ರಗಳೆ. ಫೋನಿನಲ್ಲಿ ಓದಲು ಪರವಾಗಿಲ್ಲ, ಬರೆಯಲು ಹಿಂಸೆ. ದಿನಕ್ಕೊಂದು ಫೋಟೊ, ನಾಲ್ಕು ಸಾಲು ಹಾಕುವವರು ಸುಮ್ನೆ ಇದರ ಹಿಂದೆ ಬೀಳಬೇಡಿ. ಒಂದೇ ವಿಷಯವನ್ನು ವರ್ಷಗಟ್ಟಲೆ ತಿದ್ದುತ್ತಾ ಕೂರುವವರು ಧೈರ್ಯವಾಗಿ ಹಾಕಿಕೊಳ್ಳಿ. ಆದರೆ ಹಾಕಿದ ದಿನವೇ ಹೊರಗಿನವರು ಖಾತೆ ತೆರೆಯುವುದನ್ನೂ ಪುಟ ತಿದ್ದುವುದನ್ನೂ ಬಂದ್ ಮಾಡಿ, ಇಲ್ಲದಿದ್ದರೆ ಹಳೇಬೀಡಿನ ಪುಟದಲ್ಲಿ ಸಾಲ ಕೊಡುವವರ ಜಾಹೀರಾತು ಬಂದು ಕೂರುತ್ತದೆ.