ಲೈಟು ಚೆನ್ನಾಗಿದೆ, ಅಂಗಡಿಯವರ ಸಲಹೆ ಬೇಡ

ಮುಂಬೈಯ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಒಂದು ಅಂಗಡಿಯಿಂದ ನಮ್ಮ 2 ಅಡಿ ಅಕ್ವೇರಿಯಂ ಟ್ಯಾಂಕಿಗೆ ಎಲ್‌ಇಡಿ ಲೈಟು ತಂದೆ. ಬೆಳಕೇನೋ ಜೋರಾಗಿದೆ. ಆದರೆ ದಿನಕ್ಕೆ 12 ಗಂಟೆ ಉರಿಸಿ ಅಂದ ಅಂಗಡಿಯವರ ಮಾತು ನಂಬಿದ್ದಕ್ಕೆ, ಹದಿನೈದೇ ದಿನದಲ್ಲಿ ಗಾಜಿನ ತುಂಬ ಪಾಚಿ, ನೀರಲ್ಲಿ ಬೆಳೆಸುವ ಗಿಡವಾದ ಜಾವಾ ಫರ್ನ್‌ನ ಹಳೇ ಎಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತು. ಸಾಮಾನ್ಯವಾಗಿ ಗಿಡಕ್ಕೆ ಪೊಟ್ಯಾಶಿಯಂ ಎಂಬ ಪೋಷಕಾಂಶ ಕಡಿಮೆಯಾದರೆ ಎಲೆ ಹೀಗೆ ತೂತಾಗುತ್ತದೆ. ಬೆಳಕು ಜಾಸ್ತಿಯಾದಷ್ಟೂ ಗಿಡ ಊಟವನ್ನೂ ಜಾಸ್ತಿ ಕೇಳುತ್ತದೆ, ಸಿಗದೆ ಅದು ಸೊರಗಿದರೆ ಲಾಭ ಪಾಚಿಗೇ ಅಲ್ವಾ? ಲೈಟಿಗೆ ಬೆಳಕು ತಗ್ಗಿಸುವ ಡಿಮ್ಮರ್ ಬೇರೆ ಇಲ್ಲ! ಈಗ ಟೈಮರ್ ಹಾಕಿ ದಿನಕ್ಕೆ 6 ಗಂಟೆಗೆ ಇಳಿಸಿದ್ದೇನೆ. ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿ, ಪೊಟ್ಯಾಶಿಯಂ ಇರುವ ಲಿಕ್ವಿಡ್ ಗೊಬ್ಬರ ಹಾಕುತ್ತೇನೆ. ಹಳೇ ತೂತು ಮುಚ್ಚುವುದಿಲ್ಲ, ಹೊಸ ಎಲೆ ಮಾತ್ರ ಚೆನ್ನಾಗಿ ಬರುತ್ತಿದೆ. ಲೈಟಿಗೆ 4 ಸ್ಟಾರ್, ಸಲಹೆಗೆ ಒಂದೂ ಇಲ್ಲ.