ಬಂಡಲ್‌ನ ಕೀಲಿ ಯಾರ ಕೈಯಲ್ಲಿ? ಇಆರ್‌ಪಿನೆಕ್ಸ್ಟ್, ಓಡೂ ಎರಡರಲ್ಲೂ ಕೊಟೇಶನ್ ಹಾಕಿ ನೋಡಿದೆ

ನಮ್ಮದು ಉಡುಪಿಯಲ್ಲಿ ಸೋಲಾರ್ ಅಂಗಡಿ. ಗ್ರಾಹಕರು ಕೇಳುವುದು "3 ಕಿಲೋವಾಟ್‌ಗೆ ಎಷ್ಟು ಬೀಳ್ತದೆ?" ಅಂತ ಅಷ್ಟೇ. ಆದರೆ ಅದರೊಳಗೆ 540 ವಾಟ್‌ನ ಆರು ಪ್ಯಾನೆಲ್, ಇನ್ವರ್ಟರ್, ಸ್ಟ್ರಕ್ಚರ್, ಕೇಬಲ್, ಅರ್ತಿಂಗ್ ಎಲ್ಲ ಉಂಟು. ಎಲ್ಲ ಸೇರಿ ಒಂದು ಬಂಡಲ್. ಆ ಬಂಡಲನ್ನು ತಿದ್ದುವ ಹಕ್ಕು ಯಾರ ಕೈಯಲ್ಲಿ ಇರುತ್ತದೆ ಎಂದು ನೋಡಲು ಇಆರ್‌ಪಿನೆಕ್ಸ್ಟ್, ಓಡೂ ಎಂಬ ಎರಡು ವ್ಯಾಪಾರದ ಸಾಫ್ಟ್‌ವೇರ್ ಪ್ರಯತ್ನಿಸಿದೆ.

ಮೊದಲು ಇದೆಲ್ಲ ಒಂದು ಎಕ್ಸೆಲ್ ಶೀಟ್‌ನಲ್ಲಿತ್ತು. ಯಾರು ಬೇಕಾದರೂ ತೆರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಮಲ್ಪೆಯ ಒಬ್ಬರಿಗೆ ರೇಟು ಇಳಿಸಲು ನಮ್ಮ ಸೇಲ್ಸ್ ಹುಡುಗ ಡಿಸಿಆರ್ (ಪೂರ್ತಿ ಭಾರತದಲ್ಲೇ ತಯಾರಾದ) ಪ್ಯಾನೆಲ್ ತೆಗೆದು ಅಗ್ಗದ್ದು ಹಾಕಿದ. ಹಾಕಿದ್ದು ಅವರ ಕೊಟೇಶನ್‌ನಲ್ಲಿ ಅಲ್ಲ, ಮೂಲ ಶೀಟ್‌ನಲ್ಲೇ! ಮುಂದೆ ಎರಡು ವಾರ ಹೊರಗೆ ಹೋದ ಕೊಟೇಶನ್‌ಗಳಲ್ಲೆಲ್ಲ ಅದೇ ಪ್ಯಾನೆಲ್. ಮನೆಯ ಚಾವಣಿ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯ ಘರ್ ಸಬ್ಸಿಡಿ 3 ಕಿಲೋವಾಟ್‌ಗೆ 78,000 ರೂಪಾಯಿ. ಅದು ಸಿಗುವುದು ಸೆಲ್, ಮಾಡ್ಯೂಲ್ ಎರಡೂ ಇಲ್ಲೇ ತಯಾರಾದ ಡಿಸಿಆರ್ ಪ್ಯಾನೆಲ್‌ಗೆ ಮಾತ್ರ. ಅಷ್ಟೂ ಮನೆಗೆ ಫೋನ್ ಮಾಡಿ ತಪ್ಪಾಯಿತು ಎನ್ನುವ ಕೆಲಸ ನನ್ನ ಪಾಲಿಗೆ ಬಂತು.

"ಅಣ್ಣ, ನಾನು ಒಬ್ಬರಿಗೆ ಮಾತ್ರ ಬದಲಾಯಿಸಿದ್ದು ಮಾರಾಯ್ರೆ" ಅಂದ. ಅವನದ್ದೂ ಸುಳ್ಳಲ್ಲ. ಬಂಡಲ್ ಒಳಗೆ ಆರಿಸುವುದು ಒಂದು, ಬಂಡಲನ್ನೇ ತಿದ್ದುವುದು ಇನ್ನೊಂದು. ಶೀಟ್‌ಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ. ಹಾಗಾಗಿ ಹೊಸ ಸಾಫ್ಟ್‌ವೇರ್ ನೋಡುವಾಗ ನಾನೇ ಒಂದು ಸೇಲ್ಸ್ ಲಾಗಿನ್ ಮಾಡಿಕೊಂಡೆ. ಅವನು ಮಾಡಿದ ತಪ್ಪನ್ನೇ ಮತ್ತೆ ಮಾಡಲು ಆಗುತ್ತದಾ ಅಂತ ಎರಡರಲ್ಲೂ ಪ್ರಯತ್ನಿಸಿದೆ.

ಇಆರ್‌ಪಿನೆಕ್ಸ್ಟ್‌ನಲ್ಲಿ ಪ್ರಾಡಕ್ಟ್ ಬಂಡಲ್ ಎಂಬುದೇ ಒಂದು ಬೇರೆ ದಾಖಲೆ. ನಾವು ಹಾಕಿಕೊಂಡ ಆವೃತ್ತಿಯಲ್ಲಿ ಸೇಲ್ಸ್ ಯೂಸರ್ ಎಂಬ ರೋಲ್‌ಗೆ (ಒಬ್ಬನ ಕೆಲಸಕ್ಕೆ ತಕ್ಕ ಹಕ್ಕುಗಳ ಗುಂಪಿಗೆ) ಅದನ್ನು ತಿದ್ದುವ ಹಕ್ಕು ಮೊದಲೇ ಇತ್ತು. ಅರ್ತಿಂಗ್ ಸಾಲು ಅಳಿಸಿ ಸೇವ್ ಒತ್ತಿದೆ, ಆಯಿತು! ಮುರಕಲ್ಲಿನ ನೆಲದಲ್ಲಿ ಅರ್ತಿಂಗ್ ಸರಿಯಾಗಿ ಸಿಗುವುದೇ ಕಷ್ಟ, ಅದೂ ಇಲ್ಲದ ಬಂಡಲ್ ಅಂದರೆ ಕಥೆ ಮುಗಿಯಿತು. ಆದರೆ ಸರಿ ಮಾಡಲು ಹತ್ತು ನಿಮಿಷವೂ ಬೇಕಾಗಲಿಲ್ಲ. ರೋಲ್ ಪರ್ಮಿಶನ್ ಮ್ಯಾನೇಜರ್ ಎಂಬ ಪುಟ ತೆರೆದು ಸೇಲ್ಸ್ ಯೂಸರ್‌ನ ಸಾಲಿನಲ್ಲಿ ರೀಡ್ ಮಾತ್ರ ಉಳಿಸಿ, ರೈಟ್, ಕ್ರಿಯೇಟ್, ಡಿಲೀಟ್ ಟಿಕ್ ತೆಗೆದೆ. ಆಮೇಲೆ ಆ ಲಾಗಿನ್‌ಗೆ ಸೇವ್ ಬಟನ್ನೇ ಬರಲಿಲ್ಲ.

ಅಲ್ಲಿಗೆ ಬೀಗ ಬಿತ್ತು. ಆದರೆ ಆರಿಸುವ ಸೌಕರ್ಯ ಇಲ್ಲಿ ಕಡಿಮೆ. ಬಂಡಲ್ ಅಂದರೆ ಕಟ್ಟಿಟ್ಟ ಗಂಟು, ಒಳಗೆ ಇದು ಬೇಕಾ ಅದು ಬೇಕಾ ಎಂದು ಕೇಳುವುದಿಲ್ಲ. ಕಡಲ ಬದಿಯ ಮನೆಗೆ ಉಪ್ಪು ಗಾಳಿ ತಡೆಯುವ ಸ್ಟ್ರಕ್ಚರ್ ಮತ್ತು ಸ್ಟೀಲ್ ಬೋಲ್ಟು ಬೇಕು, ಕಾರ್ಕಳದ ಕಡೆ ಮಾಮೂಲಿಯದ್ದು ಸಾಕು. ಪ್ಯಾನೆಲ್ ಎರಡು ಬಗೆ, ಸ್ಟ್ರಕ್ಚರ್ ಎರಡು ಬಗೆ, ಕಿಲೋವಾಟ್ ಅಳತೆ ನಾಲ್ಕು. ಒಟ್ಟು 16 ಬಂಡಲ್ ಬೇರೆ ಬೇರೆ ಮಾಡಬೇಕಾಯಿತು. ಕೂತು ಮಾಡುವಾಗ ಬೇಜಾರು ಬಂದದ್ದು ಹೌದು.

ಓಡೂದಲ್ಲಿ ಕಥೆ ಪೂರ್ತಿ ಉಲ್ಟಾ. ಸೇಲ್ಸ್‌ನ ಸಾಮಾನ್ಯ ಬಳಕೆದಾರನಿಗೆ ಪ್ರಾಡಕ್ಟ್ ನೋಡಲು ಮಾತ್ರ ಬರುತ್ತದೆ, ತಿದ್ದಲು ಅಡ್ಮಿನಿಸ್ಟ್ರೇಟರ್ ಹಕ್ಕು ಬೇಕು. ನಾನು ಏನೂ ಬದಲಾಯಿಸದೆಯೇ ಹುಡುಗನ ಹಳೇ ತಪ್ಪು ಅಲ್ಲಿ ನಡೆಯಲಿಲ್ಲ. ಕೊಟೇಶನ್‌ಗೆ ಪ್ರಾಡಕ್ಟ್ ಹಾಕಿದ ಕೂಡಲೇ ಕಿಟಕಿಯೊಂದು ತೆರೆದು ಪ್ಯಾನೆಲ್ ಯಾವುದು, ಸ್ಟ್ರಕ್ಚರ್ ಯಾವುದು ಎಂದು ಕೇಳುತ್ತದೆ. 'ಕಡಲ ಬದಿ' ಎಂದು ಆರಿಸಿದರೆ ಮಾಮೂಲಿ ಸ್ಟ್ರಕ್ಚರ್ ಸಿಗದ ಹಾಗೆ ಮಾಡಬಹುದು. 16 ಬಂಡಲ್ ಮಾಡುವ ಕಡೆ ಒಂದೇ ಸಾಕು. ಇದು ನನಗೆ ತುಂಬ ಹಿಡಿಸಿತು.

ನನ್ನ ಒಂದು ಎಡವಟ್ಟು ಇಲ್ಲಿ ಹೇಳಬೇಕು. ಅರ್ತಿಂಗನ್ನು ನಾನು ಐಚ್ಛಿಕ ಪ್ರಾಡಕ್ಟ್ ಆಗಿ ಇಟ್ಟಿದ್ದೆ. ಅದು ಕೊಟೇಶನ್‌ನಲ್ಲಿ ಬೇರೆ ಸಾಲಾಗಿ ಬರುತ್ತದೆ, ಬೇಡ ಎಂದರೆ ಅಳಿಸಬಹುದು. ಬಿಡಲೇಬಾರದ ಸಾಮಾನು ಕಿಟ್‌ನ (ಓಡೂದಲ್ಲಿ ಒಂದೇ ಸಾಲಾಗಿ ಮಾರುವ ಗಂಟಿನ) ಒಳಗೇ ಇರಬೇಕು, ಆಗ ಯಾರ ಕೈಗೂ ಸಿಗುವುದಿಲ್ಲ. ಆದರೆ ಸಾಲಿನಲ್ಲಿರುವ ದರವನ್ನು ಕೊಟೇಶನ್ ಹಾಕುವವನೇ ಬದಲಾಯಿಸಬಹುದು. ಅಲ್ಲಿ ನನಗೆ ಸಮಾಧಾನ ಆಗಲಿಲ್ಲ.

ಹಿಂದಿನ ಕೆಲಸದಲ್ಲಿ ಸೇಲ್ಸ್‌ಫೋರ್ಸ್ ಸಿಪಿಕ್ಯೂ ಎಂಬ ಕೊಟೇಶನ್ ಸಾಫ್ಟ್‌ವೇರ್ ಕೂಡ ನೋಡಿದ್ದೆ. ಬಂಡಲ್ ವಿಷಯದಲ್ಲಿ ಅದರಷ್ಟು ಸೂಕ್ಷ್ಮ ಇವೆರಡೂ ಇಲ್ಲ. ಆದರೆ ಐದಾರು ಜನರ ಅಂಗಡಿಗೆ ಅದು ಸೊಳ್ಳೆ ಹೊಡೆಯಲು ಕೋವಿ ತಂದ ಹಾಗೆ. ಹೊಸಬರಿಗೆ ಅದನ್ನು ಮಾರುವುದನ್ನೂ 2025ರಲ್ಲಿ ನಿಲ್ಲಿಸಿದ್ದಾರೆ, ಹಾಗಾಗಿ ಆ ಮಾತು ಬೇಡ.

ಎರಡರಲ್ಲೂ ಒಂದೇ ಥರ ಕಾಡುವ ವಿಷಯ ಒಂದುಂಟು. ಹಕ್ಕುಗಳು ಒಂದಕ್ಕೊಂದು ಕೂಡುತ್ತವೆ, ಕಳೆಯುವುದಿಲ್ಲ. ನಮ್ಮಂಥ ಅಂಗಡಿಯಲ್ಲಿ ಬೆಳಿಗ್ಗೆ ಸೇಲ್ಸ್ ಮಾಡುವವನೇ ಮಧ್ಯಾಹ್ನ ಗೋದಾಮು ನೋಡುತ್ತಾನೆ, ಅಲ್ವಾ? ಓಡೂದಲ್ಲಿ ಅವನಿಗೆ ಗೋದಾಮಿನ ಅಡ್ಮಿನಿಸ್ಟ್ರೇಟರ್ ಹಕ್ಕು ಕೊಟ್ಟೆ. ಸುಮ್ನೆ ಪ್ರಾಡಕ್ಟ್ ತೆರೆದು ನೋಡಿದರೆ ತಿದ್ದಲು ಬಂತು! ಇಆರ್‌ಪಿನೆಕ್ಸ್ಟ್‌ನಲ್ಲೂ ಸ್ಟಾಕ್ ಮ್ಯಾನೇಜರ್ ರೋಲ್‌ನಿಂದ ಬಂಡಲ್ ತಿದ್ದುವ ಹಕ್ಕು ಬರುತ್ತದೆ. ಒಬ್ಬೊಬ್ಬರ ಹೆಸರು ತೆರೆದು ಎಲ್ಲ ರೋಲ್ ಒಟ್ಟಿಗೆ ನೋಡದಿದ್ದರೆ ಹಾಕಿದ ಬೀಗ ಹಿಂಬಾಗಿಲಿನಿಂದ ತೆರೆಯುತ್ತದೆ.

ಕೊನೆಗೆ ಇಆರ್‌ಪಿನೆಕ್ಸ್ಟ್ ಇಟ್ಟುಕೊಂಡೆವು. ಕಾರಣ ಬಂಡಲ್ ಅಲ್ಲ, ಸಬ್ಮಿಟ್, ಅಂದರೆ ಬರೆದದ್ದನ್ನು ಅಂತಿಮ ಮಾಡುವ ಬಟನ್. ಕೊಟೇಶನ್ ಬರೆಯುವ ಹಕ್ಕನ್ನು ಹುಡುಗನಿಗೆ ಕೊಟ್ಟು ಸಬ್ಮಿಟ್ ಹಕ್ಕನ್ನು ನಾನು ಇಟ್ಟುಕೊಂಡೆ. ಪ್ರಿಂಟ್ ಸೆಟ್ಟಿಂಗ್ಸ್‌ನಲ್ಲಿ ಡ್ರಾಫ್ಟ್ (ಇನ್ನೂ ಸಬ್ಮಿಟ್ ಆಗದ ಕೊಟೇಶನ್) ಪ್ರಿಂಟ್ ಮಾಡುವ ಅವಕಾಶವನ್ನೂ ಮುಚ್ಚಿದೆ. ಬಂಡಲ್ ಬಿಟ್ಟು ಬಿಡಿ ಪ್ಯಾನೆಲ್ ಸೇರಿಸಿ ಅವನು ಆಟ ಆಡಬಹುದು, ದರ ಇಳಿಸಬಹುದು. ಆದರೆ ನಾನು ನೋಡಿ ಒತ್ತದೆ ಕಾಗದ ಹೊರಗೆ ಹೋಗುವುದಿಲ್ಲ. ನಾನು ಸೈಟಿನಲ್ಲಿ ಚಾವಣಿ ಮೇಲಿದ್ದರೆ ಗ್ರಾಹಕರು ಸ್ವಲ್ಪ ಕಾಯಬೇಕು, ಅದೊಂದು ಕಿರಿಕಿರಿ ಜಾಸ್ತಿಯಾಯಿತು. ಜನ ಹತ್ತು ದಾಟಿದರೆ, ಬಂಡಲ್ ಬಗೆಗಳು ಹೆಚ್ಚಾದರೆ ಓಡೂವೇ ಲೇಸು ಅನ್ನಿಸಬಹುದು.

ಮೊನ್ನೆ ಕುಂದಾಪುರದ ಒಂದು ಮನೆಗೆ 7 ಕಿಲೋವಾಟ್ ಕೇಳಿದರು. ಹುಡುಗ ಬಂದು ನನ್ನ ಮೇಜಿನ ಮುಂದೆ ನಿಂತ. "ಅಣ್ಣ, 17ನೇ ಬಂಡಲ್ ಒಂದು ಮಾಡಿ ಕೊಡಿ, ನನಗೆ ಬರುವುದಿಲ್ಲ ಅಲ್ವಾ" ಅಂದ. ಆ 'ಬರುವುದಿಲ್ಲ' ಎಂಬಲ್ಲಿ ಸ್ವಲ್ಪ ಕುಹಕ ಇತ್ತು. ಮಾಡಿ ಕೊಟ್ಟೆ.